ಕಾರ್ಬ್ಯುರೇಟರ್ ಹೋಯಿತು, ಒಳ್ಳೆಯದೇ ಆಯಿತು

ಒಂದು ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತಿದ್ದ ಬೈಕಿಗೆ ಕಂಪ್ಯೂಟರ್ ಯಾಕೆ ಬೇಕಿತ್ತು? ಉತ್ತರ ಹೊಗೆಕೊಳವೆಯಲ್ಲಿದೆ. ಹೊಗೆಯ ವಿಷವನ್ನು ಮುರಿಯುವ ಕ್ಯಾಟಲಿಟಿಕ್ ಕನ್ವರ್ಟರ್ ಪೂರ್ತಿ ಕೆಲಸ ಮಾಡಬೇಕಾದರೆ, ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಸೇರಬೇಕು. ಆಚೀಚೆ ಹೆಚ್ಚು ಜಾಗವಿಲ್ಲ. ಆದರೆ ಗಾಳಿ ಎಲ್ಲೆಡೆ ಒಂದೇ ಅಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಅದು ಮಂಗಳೂರಿಗಿಂತ ಸುಮಾರು ಆರನೇ ಒಂದು ಭಾಗ ತೆಳು. ಗಾಳಿ-ಪೆಟ್ರೋಲ್ ಬೆರೆಸುವ, ಕರಾವಳಿಯಲ್ಲಿ ಹದ ಮಾಡಿದ ಕಾರ್ಬ್ಯುರೇಟರ್‌ಗೆ ಇದು ತಿಳಿಯದು. ಬೆಟ್ಟದ ತೆಳು ಗಾಳಿಗೆ ಪೆಟ್ರೋಲ್ ಹೆಚ್ಚಾಗಿಯೇ ಸುರಿಯುತ್ತದೆ. ಇಸಿಯು ಎಂಬ ಎಂಜಿನ್ ಕಂಪ್ಯೂಟರ್ ಮಾತ್ರ ಗಾಳಿಯ ಒತ್ತಡ, ಉಷ್ಣಾಂಶಗಳನ್ನು ಅಳೆದು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್‌ನಿಂದ ಕೇಳಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಮಿಲಿಸೆಕೆಂಡುಗಳನ್ನು ಮತ್ತೆ ಮತ್ತೆ ತಿದ್ದುತ್ತದೆ. ವೋಲ್ವೋ 1976ರಲ್ಲೇ ಈ ಸೆನ್ಸರನ್ನು ಕಾರಿಗೆ ತಂದಿತ್ತು. ನಮ್ಮ ಬಹುಪಾಲು ಬೈಕುಗಳಿಗೆ ಅದು ಬಂದದ್ದು 2020ರ ಏಪ್ರಿಲ್‌ನ ಬಿಎಸ್-6 ಮಾಲಿನ್ಯ ನಿಯಮದಿಂದ. ಆಟೊಮ್ಯಾಟಿಕ್ ಗೇರಿನ ಕಾರುಗಳಲ್ಲಿ ಇಸಿಯು ಗೇರಿನ ಜೊತೆಗೂ ಇಂಥದೇ ಸಂವಾದ ನಡೆಸುತ್ತದೆ: ಗೇರ್ ಬದಲಾಗುವ ಕ್ಷಣ ಟ್ರಾನ್ಸ್‌ಮಿಷನ್ ಕೇಳುತ್ತದೆ, ಎಂಜಿನ್ ತುಸು ಬಲ ತಗ್ಗಿಸುತ್ತದೆ, ನಮಗೆ ಜಗ್ಗಿದ ಅರಿವೂ ಆಗುವುದಿಲ್ಲ.

"ಕೆಟ್ಟರೆ ಊರಿನ ಮೆಕ್ಯಾನಿಕ್ ಏನು ಮಾಡಬೇಕು?" ಈ ಆಕ್ಷೇಪ ಹಗುರವಾದದ್ದಲ್ಲ. ಆದರೆ ಸೆನ್ಸರ್ ಕೈಕೊಟ್ಟರೆ ಇಸಿಯು ಸಾಮಾನ್ಯವಾಗಿ ದೋಷದ ಕೋಡ್ ಬರೆದಿಡುತ್ತದೆ, ಎಷ್ಟೋ ಸಲ ಅಂದಾಜಿನ ಲೆಕ್ಕದಲ್ಲೇ ಗಾಡಿಯನ್ನು ಮನೆ ಮುಟ್ಟಿಸುತ್ತದೆ. ಕಾರ್ಬ್ಯುರೇಟರ್ ಎಂದೂ ತನ್ನ ಕಾಯಿಲೆ ಹೇಳಿಕೊಂಡದ್ದಿಲ್ಲ. ತೊಡಕಿರುವುದು ಆ ಕೋಡ್ ಓದುವ ಉಪಕರಣ, ಮಾಹಿತಿಗಳಿಗೆ ಕಂಪನಿಗಳು ಹಾಕುವ ಬೀಗದಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ 2012ರಲ್ಲಿ ಕಾನೂನು ಮಾಡಿ, ಆ ಬೀಗವನ್ನು ಹೊರಗಿನ ಗ್ಯಾರೇಜುಗಳಿಗೂ ತೆರೆಸಿತು.