ಬಾಯಿ ತೆರೆದ ಮಾತ್ರಕ್ಕೆ ಕಚ್ಚುತ್ತದೆಯೇ? ಅಕ್ವೇರಿಯಂನ ಮೊರೇ ಈಲ್ ಬಗ್ಗೆ ನಿಜ ಯಾವುದು, ಸುಳ್ಳು ಯಾವುದು

ಗಾಜಿನ ತೊಟ್ಟಿಯೊಳಗೆ ಹಾವಿನಂಥ ಜೀವಿಯೊಂದು ಕಲ್ಲಿನ ಸಂದಿಯಿಂದ ತಲೆ ಹೊರಹಾಕಿ, ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಕೆಳಗೆ ‘ಮನೆಯಲ್ಲೇ ಸಮುದ್ರದ ಹಾವು! ಮುಟ್ಟಿದರೆ ಶಾಕ್, ಕಚ್ಚಿದರೆ ಸಾವು’ ಎಂಬ ಸಾಲು. ಇಂಥ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಇನ್ನೊಂದು ಕಡೆ ‘ಸಾಕೋದು ತುಂಬಾ ಸುಲಭ, ಏನು ಹಾಕಿದರೂ ತಿನ್ನುತ್ತೆ’ ಎಂಬ ಮಾರಾಟದ ಮಾತು. ಮೊದಲನೆಯದು ಸುಮ್ಮನೆ ಹೆದರಿಸುತ್ತದೆ, ಎರಡನೆಯದು ಸುಮ್ಮನೆ ಧೈರ್ಯ ತುಂಬುತ್ತದೆ. ಒಂದೊಂದಾಗಿ ನೋಡೋಣ.

ಇದು ಹಾವೇ?

ಅಲ್ಲ. ಮೊರೇ ಈಲ್ ಅಪ್ಪಟ ಮೀನು. ಸುಮಾರು 200 ಜಾತಿಗಳಿವೆ. ಮೈ ಉದ್ದಕ್ಕಿದ್ದರೂ ಉಸಿರಾಟ ಕಿವಿರುಗಳಿಂದಲೇ. ಗುರುತಿಸಲು ಮೂರು ಸಂಗತಿ ನೆನಪಿಡಿ: ತಲೆಯ ಹಿಂದೆ ಎರಡೂ ಬದಿಗೆ ಕಿವಿರಿನ ಒಂದೊಂದು ಸಣ್ಣ ರಂಧ್ರ, ಬೆನ್ನಿನುದ್ದಕ್ಕೂ ಬಾಲದವರೆಗೆ ಪಟ್ಟಿಯಂಥ ರೆಕ್ಕೆ, ಹುರುಪೆಯಿಲ್ಲದ ಲೋಳೆ ಮೈ. ಬೇರೆ ಮೀನುಗಳಿಗಿರುವ ಎದೆಯ ರೆಕ್ಕೆಗಳು ಇದಕ್ಕಿಲ್ಲ.

ಸಮುದ್ರದ ಹಾವಿಗೆ ಕಿವಿರೂ ಇಲ್ಲ, ಬೆನ್ನ ರೆಕ್ಕೆಯೂ ಇಲ್ಲ. ಮೈಮೇಲೆ ಹುರುಪೆಗಳಿರುತ್ತವೆ, ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ, ಉಸಿರಿಗಾಗಿ ಆಗಾಗ ನೀರಿನ ಮೇಲೆ ಬರಲೇಬೇಕು. ಈ ವ್ಯತ್ಯಾಸ ತಿಳಿದಿರಬೇಕಾದ್ದು ಬರೀ ಕುತೂಹಲಕ್ಕಲ್ಲ. ಕರ್ನಾಟಕದ ಕರಾವಳಿಯಲ್ಲೂ ಸಮುದ್ರದ ಹಾವುಗಳಿವೆ, ಬಲೆಗೂ ಬೀಳುತ್ತವೆ. ಅವುಗಳ ವಿಷ ಪ್ರಾಣ ತೆಗೆಯಬಲ್ಲದು. ಆದ್ದರಿಂದ ದಡದಲ್ಲೋ ಬಲೆಯಲ್ಲೋ ಹಾವಿನಂಥದ್ದು ಕಂಡರೆ, ‘ಇದು ಈಲ್ ಮೀನು’ ಎಂದುಕೊಂಡು ಕೈಯಲ್ಲಿ ಹಿಡಿದು ವಿಡಿಯೋ ಮಾಡಬೇಡಿ.

ಬಾಯಿ ತೆರೆಯುವುದು ಸಿಟ್ಟಿನಿಂದಲೇ?

ಅಲ್ಲ, ಅದು ಉಸಿರಾಟ. ಬಾಯಿಂದ ನೀರು ಒಳಗೆಳೆದು ಕಿವಿರುಗಳ ಮೂಲಕ ಹೊರಬಿಡಲು ಮೊರೇ ಈಲ್ ಹೀಗೆ ಮಾಡುತ್ತಲೇ ಇರಬೇಕು. ನೋಡುವವರಿಗೆ ಮಾತ್ರ ಅದು ಬೆದರಿಸಿದಂತೆ ಕಾಣುತ್ತದೆ.

ಮುಟ್ಟಿದರೆ ಶಾಕ್, ಕಚ್ಚಿದರೆ ಸಾವು?

ಶಾಕ್ ಹೊಡೆಯುವುದು ದಕ್ಷಿಣ ಅಮೆರಿಕದ ನದಿಗಳ ಎಲೆಕ್ಟ್ರಿಕ್ ಈಲ್. ಹೆಸರಲ್ಲಿ ಈಲ್ ಇದ್ದರೂ ಅದು ಬೇರೆಯೇ ಗುಂಪಿನ ಮೀನು. ಮೊರೇ ಈಲ್‌ನಲ್ಲಿ ಕರೆಂಟೂ ಇಲ್ಲ, ಹಾವಿನಂತೆ ವಿಷ ಚುಚ್ಚುವ ಹಲ್ಲೂ ಇಲ್ಲ.

ಹಾಗಂತ ಕಡಿತ ಹಗುರವಲ್ಲ. ಗಾಯ ಆಳವಾಗಿ ಹರಿಯಬಹುದು, ಕೀವಾಗಬಹುದು. ಇದರ ಗಂಟಲೊಳಗೆ ಎರಡನೇ ಜೊತೆ ದವಡೆಗಳಿವೆ. ಮುಂದಿನ ದವಡೆ ಬೇಟೆಯನ್ನು ಕಚ್ಚಿ ಹಿಡಿದಾಗ ಒಳಗಿನದು ಮುಂದೆ ಬಂದು ಅದನ್ನು ಗಂಟಲಿಗೆ ಎಳೆದುಕೊಳ್ಳುತ್ತದೆ. ಇದನ್ನು ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಎಂಬ ವಿಜ್ಞಾನಿಗಳು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಕಚ್ಚಿಸಿಕೊಂಡರೆ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ರಕ್ತ ನಿಲ್ಲುವಂತೆ ಬಟ್ಟೆಯಿಂದ ಒತ್ತಿ ಹಿಡಿದು, ವೈದ್ಯರ ಬಳಿ ಹೋಗಿ. ಅರಿಶಿನ, ಸುಣ್ಣ ಮೆತ್ತಿ ಕೂರಬೇಡಿ.

ಯಾವುದು ಯಾವ ಈಲ್?

ಮರಿಯಾಗಿದ್ದಾಗ ಎಲ್ಲವೂ ಮುದ್ದಾಗಿಯೇ ಕಾಣುತ್ತವೆ. ಎಷ್ಟು ದೊಡ್ಡದಾಗುತ್ತದೆ ಎಂಬುದು ಜಾತಿಯ ಮೇಲೆ ಹೋಗುತ್ತದೆ.

ಸ್ನೋಫ್ಲೇಕ್: ಬಿಳಿ ಮೈ, ಕಪ್ಪು ಮಚ್ಚೆ, ಮಚ್ಚೆಯೊಳಗೆ ಹಳದಿ ಚುಕ್ಕೆ. ಸಾಮಾನ್ಯವಾಗಿ 60–75 ಸೆಂ.ಮೀ. ಬೆಳೆಯುತ್ತದೆ. ಏಡಿ, ಸಿಗಡಿ ಅಗಿಯುವ ಮೊಂಡು ಹಲ್ಲು. ಹೊಸಬರಿಗೆ ಇದ್ದುದರಲ್ಲಿ ಇದೇ ವಾಸಿ.

ಜೀಬ್ರಾ: ಗಾಢ ಕಂದು ಮೈಗೆ ಬಿಳಿ ಪಟ್ಟೆ. ಸ್ವಭಾವ ಸೌಮ್ಯ, ಆದರೆ ಒಂದೂವರೆ ಮೀಟರ್‌ವರೆಗೆ ಬೆಳೆಯಬಲ್ಲದು.

ರಿಬ್ಬನ್: ಮರಿಗೆ ಕಪ್ಪು, ಗಂಡಿಗೆ ನೀಲಿ, ಹೆಣ್ಣಿಗೆ ಹಳದಿ ಬಣ್ಣ. ನೋಡಲು ಬಲು ಚಂದ. ಆದರೆ ತೊಟ್ಟಿಗೆ ಬಂದಮೇಲೆ ಊಟ ಬಿಟ್ಟು ಸಾಯುವುದೇ ಹೆಚ್ಚು. ಕೊಳ್ಳದಿರುವುದೇ ಒಳ್ಳೆಯದು.

ಜೈಂಟ್ ಮೊರೇ: ಮೂರು ಮೀಟರ್‌ವರೆಗೆ ಬೆಳೆಯುವ ಇದು ಮನೆಯಲ್ಲಿ ಸಾಕುವ ಮೀನೇ ಅಲ್ಲ.

‘ಫ್ರೆಶ್‌ವಾಟರ್ ಮೊರೇ’: ಈ ಹೆಸರಲ್ಲಿ ಮಾರುವ ಮೀನು ಸಾಮಾನ್ಯವಾಗಿ ಅಳಿವೆಯ ಉಪ್ಪುಮಿಶ್ರಿತ ನೀರಿನದು. ಸಿಹಿನೀರಿನ ತೊಟ್ಟಿಯಲ್ಲಿ ಕೆಲಕಾಲ ಬದುಕಿದಂತೆ ಕಂಡರೂ ಕ್ರಮೇಣ ಊಟ ಬಿಟ್ಟು ಸೊರಗುತ್ತದೆ. ಹೆಸರು ನೋಡಿ ಮೋಸಹೋಗಬೇಡಿ.

ಸಾಕುವುದು ಸುಲಭವೇ?

ಸ್ನೋಫ್ಲೇಕ್ ಗಟ್ಟಿ ಜೀವಿ ನಿಜ, ಆದರೆ ತಯಾರಿ ದೊಡ್ಡದು. ಒಂದೇ ಒಂದು ಸ್ನೋಫ್ಲೇಕ್‌ಗೂ 250–300 ಲೀಟರ್‌ನ ತೊಟ್ಟಿ ಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಅಂದರೆ 300 ಲೀಟರಿಗೆ ಸುಮಾರು ಹತ್ತೂವರೆ ಕೆ.ಜಿ. ಅಡುಗೆ ಉಪ್ಪು ಇದಕ್ಕೆ ಆಗುವುದಿಲ್ಲ. ಮೆಗ್ನೀಶಿಯಂ, ಕ್ಯಾಲ್ಸಿಯಂ ಮುಂತಾದವೂ ಇರುವ ಅಕ್ವೇರಿಯಂ ಉಪ್ಪೇ ಬೇಕು. ಉಷ್ಣತೆ 24–27 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ.

ತೊಟ್ಟಿ ತಂದ ದಿನವೇ ಮೀನು ಬಿಡುವುದು ದೊಡ್ಡ ತಪ್ಪು. ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು ಬಿಡಿ. ಕರೆಂಟ್ ಹೋದಾಗ ಗಾಳಿ ಕೊಡಲು ಬ್ಯಾಟರಿ ಪಂಪ್ ಇರಲಿ.

ಮುಚ್ಚಳ ಭದ್ರವಾಗಿರಬೇಕು. ಪೈಪು, ವೈರು ಹೋಗುವ ಸಂದಿಯೂ ಈಲ್‌ಗೆ ಬಾಗಿಲೇ. ರಾತ್ರಿ ನುಸುಳಿ ಹೊರಬಂದ ಈಲ್ ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದಿರುವುದು ಸಾಕುವವರಿಗೆಲ್ಲ ಗೊತ್ತಿರುವ ಸಂಕಟ. ಅಡಗಲು ಪಿವಿಸಿ ಪೈಪಿನ ತುಂಡು ಸಾಕು. ಕಲ್ಲುಗಳನ್ನು ಮರಳಿನ ಮೇಲಲ್ಲ, ತೊಟ್ಟಿಯ ತಳದ ಮೇಲೆಯೇ ಕೂರಿಸಿ. ಅದು ಮರಳು ತೋಡಿದರೆ ಕಲ್ಲು ಕುಸಿಯುತ್ತದೆ.

ಊಟ ವಾರಕ್ಕೆ ಎರಡು ಮೂರು ಸಲ ಸಾಕು: ಸಿಗಡಿ, ಬೊಂಡಾಸ್, ಸಮುದ್ರದ ಮೀನಿನ ತುಂಡು. ಉದ್ದನೆಯ ಇಕ್ಕಳದಿಂದಲೇ ಕೊಡಿ. ಇದರ ಕಣ್ಣು ಮಂದ, ಮೂಗು ಚುರುಕು. ಸಿಗಡಿಯ ವಾಸನೆ ಹತ್ತಿದ ಬೆರಳೂ ಅದಕ್ಕೆ ಸಿಗಡಿಯೇ. ಜೊತೆಗೆ ಬಿಟ್ಟ ಏಡಿ, ಸಿಗಡಿ ಉಳಿಯುವುದು ಅನುಮಾನ. ರೋಗ ಬಂದಾಗ ತಾಮ್ರ ಬೆರೆತ ಔಷಧಿ ಸುರಿಯಬೇಡಿ. ಹುರುಪೆಯಿಲ್ಲದ ಈ ಮೈಗೆ ಅದು ಅಪಾಯ.

ಹಾಗಾದರೆ ಕೊಳ್ಳಬಹುದೇ?

ಚೆನ್ನಾಗಿ ನೋಡಿಕೊಂಡರೆ ಸ್ನೋಫ್ಲೇಕ್ ಹತ್ತು ವರ್ಷ ದಾಟಿ ಬದುಕುತ್ತದೆ. ಅಷ್ಟು ಕಾಲ ನೋಡಿಕೊಳ್ಳುವ ಮನಸ್ಸಿದ್ದರೆ, ಅಂಗಡಿಯಲ್ಲಿ ಅದು ನಿಮ್ಮೆದುರೇ ತಿನ್ನುವುದನ್ನು ನೋಡಿ ತನ್ನಿ. ಸಾಕಲಾಗದಿದ್ದರೆ ಕೆರೆಗೋ ಸಮುದ್ರಕ್ಕೋ ಬಿಡದೆ, ಸಾಕಬಲ್ಲವರಿಗೆ ಕೊಡಿ.

ಇನ್ನು ಆ ವಿಡಿಯೋ ಮತ್ತೆ ಬಂದರೆ, ಅದರ ತಲೆಯ ಹಿಂದೆ ಕಿವಿರಿನ ರಂಧ್ರ, ಬೆನ್ನ ಮೇಲೆ ರೆಕ್ಕೆ ಕಾಣುತ್ತದೆಯೇ ನೋಡಿ. ಕಂಡರೆ ಅದು ಉಸಿರಾಡುತ್ತಿರುವ ಮೀನು, ಅಷ್ಟೇ. ಗ್ರೂಪಿಗೂ ಅದನ್ನೇ ತಿಳಿಸಿ.