ಮೆಚ್ಚಿದ್ದು ಕಥೆಯನ್ನೋ, ಚರಿತ್ರೆಯನ್ನೋ? ಕಿತ್ತೂರು ಸೀಮೆಯ ಹಾಡು, ಆಟ, ಪುಸ್ತಕ, ಸಿನಿಮಾ

'ಚಲೋ ಐತಿ.' ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಒಂದು ಸಿನಿಮಾ, ಪುಸ್ತಕ ಅಥವಾ ಬಯಲಾಟದ ಬಗ್ಗೆ ಕೇಳಿಬರುವ ವಿಮರ್ಶೆ ಬಹುಪಾಲು ಈ ಎರಡು ಶಬ್ದಗಳಲ್ಲಿ ಮುಗಿದುಹೋಗುತ್ತದೆ. ಮೆಚ್ಚುಗೆ ಇನ್ನೂ ಹೆಚ್ಚಾದರೆ ಪ್ರೇಕ್ಷಕ ಆಟದ ನಡುವೆಯೇ ಎದ್ದು ಕಲಾವಿದನಿಗೆ ಆಯೇರಿ ಮಾಡುತ್ತಾನೆ. ಕೊಟ್ಟವರ ಹೆಸರು, ಕೊಟ್ಟ ಮೊತ್ತ ಧ್ವನಿವರ್ಧಕದಲ್ಲಿ ಕೇಳಿಬರುತ್ತದೆ, ಆಟ ಮುಂದುವರಿಯುತ್ತದೆ. ಅದಕ್ಕಿಂತ ಚಿಕ್ಕ, ಅದಕ್ಕಿಂತ ಪ್ರಾಮಾಣಿಕವಾದ ಕಲಾವಿಮರ್ಶೆ ಮತ್ತೊಂದಿರಲಾರದು.

ಆದರೆ ಇಂಥ ಚುಟುಕು ಮೆಚ್ಚುಗೆಯ ಪರಿಣಾಮ ಮಾತ್ರ ಚುಟುಕಲ್ಲ. ಜನ ಯಾವ ರೂಪವನ್ನು ಮೆಚ್ಚುತ್ತಾರೋ ಆ ರೂಪವೇ ಉಳಿಯುತ್ತದೆ. ಉಳಿದದ್ದೇ ಮುಂದಿನ ಪೀಳಿಗೆಗೆ ಚರಿತ್ರೆಯಾಗಿ ತಲುಪುತ್ತದೆ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ನಡೆದ ಘಟನೆಗಳು ಲಾವಣಿಯಾಗಿ, ಸಣ್ಣಾಟವಾಗಿ, ಪುಸ್ತಕವಾಗಿ, ಸಿನಿಮಾ ಆಗಿ ಮತ್ತೆ ಮತ್ತೆ ಹುಟ್ಟಿವೆ. ಪ್ರತಿ ಹುಟ್ಟಿನಲ್ಲೂ ಏನೋ ಸೇರಿದೆ, ಏನೋ ಬಿಟ್ಟುಹೋಗಿದೆ. ಈ ನಾಡಿನ ಕಥೆಗಳನ್ನು ಹೊಸದಾಗಿ ನೋಡಿ, ಓದಿ, ಕೇಳಿ ಸಂತೋಷಪಡುವವರಿಗೆ ಆ ಸೇರ್ಪಡೆ ಮತ್ತು ಬಿಡುಗಡೆಗಳ ಪರಿಚಯ ಉಪಯುಕ್ತವಾದೀತು.

ಕಿತ್ತೂರು: ಕಪ್ಪವೋ, ದತ್ತಕವೋ?

ಕಿತ್ತೂರು ಎಂದೊಡನೆ ನಗರದ ಪ್ರೇಕ್ಷಕರ ಕಣ್ಣ ಮುಂದೆ ಬರುವುದು 1961ರ 'ಕಿತ್ತೂರು ಚೆನ್ನಮ್ಮ' ಚಿತ್ರ. ಬಿ.ಆರ್. ಪಂತುಲು ನಿರ್ದೇಶನದ ಈ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜ್‌ಕುಮಾರ್ ಮಲ್ಲಸರ್ಜನಾಗಿ ಅಭಿನಯಿಸಿದರು. ಕಪ್ಪ ಕೇಳಲು ಬಂದ ಆಂಗ್ಲರಿಗೆ ರಾಣಿ ಸವಾಲೆಸೆಯುವ ಸಂಭಾಷಣೆ ಆರು ದಶಕಗಳ ನಂತರವೂ ಶಾಲಾ ವಾರ್ಷಿಕೋತ್ಸವಗಳಲ್ಲಿ ಮೊಳಗುತ್ತದೆ. ಕಿರೀಟ ತೊಟ್ಟ ಪುಟ್ಟ ಬಾಲಕಿ ಕೈಯೆತ್ತಿ ಆ ಮಾತು ಹೇಳಿದಾಗ ಚಪ್ಪಾಳೆ ತಟ್ಟದವರು ಯಾರು?

ದಾಖಲೆ ಹೇಳುವ ಜಗಳದ ಮೂಲ ಬೇರೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಮೇಲೆ ಕಿತ್ತೂರು ಸಂಸ್ಥಾನ ಉಳಿದದ್ದೇ ಕಂಪನಿಗೆ ವಾರ್ಷಿಕ ಕಾಣಿಕೆ ಸಲ್ಲಿಸುವ ಒಪ್ಪಂದದ ಮೇಲೆ. 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕದ ಪ್ರಶ್ನೆ ಎದ್ದಿತು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನು ಮಾನ್ಯ ಮಾಡಲಿಲ್ಲ. ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿದ. ಅದೇ ವರ್ಷದ ಅಕ್ಟೋಬರ್ 23ರಂದು ಕೋಟೆಯ ಬಾಗಿಲಿನ ಮುಂದೆ ನಡೆದ ಕಾಳಗದಲ್ಲಿ ಆತ ಹತನಾದ. 'ವ್ಯಾನಿಟಿ ಫೇರ್' ಕಾದಂಬರಿ ಬರೆದ ವಿಲಿಯಂ ಥ್ಯಾಕರೆಗೆ ಈ ಕಲೆಕ್ಟರ್ ಚಿಕ್ಕಪ್ಪನಾಗಬೇಕು ಎಂಬುದು ಪುಸ್ತಕಪ್ರಿಯರಿಗೆ ಕುತೂಹಲ ಹುಟ್ಟಿಸುವ ಸಂಗತಿ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯದೊಂದಿಗೆ ಮರಳಿ ಬಂದ ಆಂಗ್ಲರು ಕಿತ್ತೂರನ್ನು ವಶಪಡಿಸಿಕೊಂಡರು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದ ಚೆನ್ನಮ್ಮ 1829ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದಳು. ಆಕೆಯ ಸಮಾಧಿ ಇಂದಿಗೂ ಆ ಊರಿನಲ್ಲಿದೆ.

ಹಾಗಾದರೆ ಕಪ್ಪದ ಮಾತು ಇಷ್ಟು ಪ್ರಬಲವಾದದ್ದು ಹೇಗೆ? ಪಂತುಲು ಅವರೇ ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ನಿರ್ದೇಶಿಸಿದ್ದರು. ಶಿವಾಜಿ ಗಣೇಶನ್ ಅಭಿನಯದ ಆ ಚಿತ್ರದ ಹೃದಯ ಇರುವುದೇ ಕಪ್ಪ ನಿರಾಕರಿಸುವ ಸಂಭಾಷಣೆಯಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಹೋಲಿಕೆ ಕಾಣದೆ ಇರದು. ದತ್ತಕದ ಹಕ್ಕು ಎಂಬ ಕಾನೂನಿನ ಜಟಿಲ ಪ್ರಶ್ನೆಯನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಕಪ್ಪ ಕೊಡೆನೆಂಬ ಮಾತು ಕೊನೆಯ ಸಾಲಿನ ಪ್ರೇಕ್ಷಕನನ್ನೂ ತಟ್ಟುತ್ತದೆ. ಚಿತ್ರ ಚಲೋ ಇರುವುದಕ್ಕೂ, ಚರಿತ್ರೆ ಸರಳವಾದದ್ದಕ್ಕೂ ಕಾರಣ ಒಂದೇ. ಸದಾಶಿವ ಒಡೆಯರ್ ಅವರು ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಬರೆದ 'ರಾಣಿ ಚೆನ್ನಮ್ಮ' ಜೀವನಚರಿತ್ರೆಯನ್ನು ಚಿತ್ರ ನೋಡಿದ ಮೇಲೆ ಓದಿದರೆ ರಾಣಿ ಚಿಕ್ಕವಳಾಗುವುದಿಲ್ಲ. ತನ್ನ ಮನೆತನದ ಹಕ್ಕಿಗಾಗಿ ಮೊದಲು ಪತ್ರದಲ್ಲಿ ವಾದಿಸಿ, ಬಳಿಕ ಕತ್ತಿ ಹಿಡಿದ ಆಡಳಿತಗಾರ್ತಿಯಾಗಿ ಇನ್ನೂ ದೊಡ್ಡವಳಾಗುತ್ತಾಳೆ.

ಸಂಗೊಳ್ಳಿ: ಲಾವಣಿಯ ರಾಯಣ್ಣ, ತೆರೆಯ ರಾಯಣ್ಣ

ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಚೆನ್ನಮ್ಮನ ನಂತರದ ಅಧ್ಯಾಯ. 1830ರ ಜನವರಿಯಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಡುವುದರೊಂದಿಗೆ ಆತನ ಬಂಡಾಯ ಕಾವೇರಿತು. ಕೆಲವೇ ತಿಂಗಳುಗಳಲ್ಲಿ ನಂಬಿದವರ ದ್ರೋಹದಿಂದ ಸಿಕ್ಕಿಬಿದ್ದ ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ನೂರಕ್ಕೂ ಹೆಚ್ಚು ವರ್ಷ ಈ ಕಥೆಯನ್ನು ಹೊತ್ತು ತಿರುಗಿದ್ದು ಲಾವಣಿ ಮತ್ತು ಗೀಗೀ ಪದಗಳು. ದಪ್ಪು, ತುಂತುಣಿಗಳ ಜೊತೆ ಹಾಡುವ ಮೇಳಗಳು ರಾಯಣ್ಣನನ್ನು ಕೇಳುಗರ ಊರಿನವನಂತೆಯೇ ಚಿತ್ರಿಸುತ್ತವೆ. ಅಲ್ಲಿ ಆತ ಜಮೀನು ಕಳೆದುಕೊಂಡ ಓಲೇಕಾರ, ಕರ ವಸೂಲಿಯಿಂದ ನೊಂದ ಮನೆಯ ಮಗ. 2012ರ ನವೆಂಬರ್ 1ರಂದು ಬಿಡುಗಡೆಯಾದ, ನಾಗಣ್ಣ ನಿರ್ದೇಶನದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ ದರ್ಶನ್ ರಾಯಣ್ಣನಾದರು, ಜಯಪ್ರದಾ ಚೆನ್ನಮ್ಮನಾದರು. ಯುದ್ಧದೃಶ್ಯಗಳ ವೈಭವಕ್ಕೆ ರಾಜ್ಯದಾದ್ಯಂತ ಪ್ರೇಕ್ಷಕರು ಮನಸೋತರು. ಹೊಸ ಪೀಳಿಗೆಗೆ ರಾಯಣ್ಣನ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಶ್ರೇಯಸ್ಸು ಅದಕ್ಕೆ ಸಲ್ಲಬೇಕು.

ಆದರೆ ತೆರೆಯ ವೀರ ದೊಡ್ಡವನಾದಷ್ಟೂ ಆತನ ಸುತ್ತಲಿನ ರೈತರು ಚಿಕ್ಕವರಾಗುತ್ತಾರೆ. ರಾಯಣ್ಣನ ಪಡೆ ಸುಟ್ಟದ್ದು ಕಂದಾಯದ ಕಚೇರಿಗಳನ್ನು. ಈ ಬಂಡಾಯದಲ್ಲಿ ಸಿಂಹಾಸನದ ಪ್ರಶ್ನೆಯಷ್ಟೇ ಭೂಮಿಯ ಪ್ರಶ್ನೆಯೂ ಇತ್ತು. ಇದನ್ನು ಹೇಳಲು ಲಾವಣಿಕಾರನಿಗೆ ಒಂದು ನುಡಿ ಸಾಕು, ಏಕೆಂದರೆ ಎದುರು ಕುಳಿತವರಿಗೆ ಕಂದಾಯದ ಕಷ್ಟ ಗೊತ್ತು. ನಗರದ ಚಿತ್ರಮಂದಿರದಲ್ಲಿ ಅದೇ ಮಾತು ತಟ್ಟದೆ ಹೋಗಬಹುದು. ಮಾಧ್ಯಮ ಬದಲಾದಾಗ ಕೇಳುಗನೂ ಬದಲಾಗುತ್ತಾನೆ. ಕೇಳುಗ ಬದಲಾದಾಗ ಕಥೆಯ ತೂಕ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುತ್ತದೆ.

ಬೈಲಹೊಂಗಲ: ಅಪರಾಧ ಯಾರದು?

ಈ ವಾಲುವಿಕೆ ಅತ್ಯಂತ ಸ್ಪಷ್ಟವಾಗಿ ಕಾಣುವುದು 'ಸಂಗ್ಯಾ ಬಾಳ್ಯಾ'ದಲ್ಲಿ. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರಿಂದ ಹುಟ್ಟಿದ ಕಥೆಯಿದು. ವ್ಯಾಪಾರಿ ಈರ್ಯಾ ಪರಊರಿಗೆ ಹೋಗುವಾಗ ಮನೆಯ ಕಾಳಜಿಯನ್ನು ಗೆಳೆಯ ಸಂಗ್ಯಾನಿಗೆ ಒಪ್ಪಿಸುತ್ತಾನೆ. ಸಂಗ್ಯಾ ಈರ್ಯಾನ ಹೆಂಡತಿ ಗಂಗಿಯ ಮೋಹಕ್ಕೆ ಬೀಳುತ್ತಾನೆ. ಪಾರಮ್ಮನೆಂಬ ಮುದುಕಿ ನಡುವೆ ನಿಂತು ಸಂಬಂಧ ಕುದುರಿಸುತ್ತಾಳೆ. ಕೊನೆಗೆ ಸಂಗ್ಯಾನ ಜೀವದ ಗೆಳೆಯ ಬಾಳ್ಯಾನೇ ಆತನನ್ನು ವೈರಿಗಳ ಕೈಗೆ ಒಪ್ಪಿಸುತ್ತಾನೆ.

ಮುಂಬಯಿ ಪ್ರಾಂತ್ಯದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಶಾಸನ ಓದುವುದರಲ್ಲಿ ಹೆಸರಾದವರು. ಸವದತ್ತಿಯ ರಟ್ಟರ ಶಾಸನಗಳನ್ನು ಬೆಳಕಿಗೆ ತಂದವರೂ ಅವರೇ. ಅವರು ಜನರ ಬಾಯಿಯಲ್ಲಿದ್ದ ಕನ್ನಡ ಲಾವಣಿಗಳನ್ನೂ ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಸಂಗ್ಯಾನ ಲಾವಣಿಯೂ ಒಂದು. ಅಲ್ಲಿ ಅದಕ್ಕೆ ದೊರೆತ ಇಂಗ್ಲಿಷ್ ಶೀರ್ಷಿಕೆಯಲ್ಲಿ ಇರುವುದು ಸಂಗ್ಯಾನ ಅಪರಾಧ, ಸಂಗ್ಯಾನ ಸಾವು. ಬಾಳ್ಯಾ ಶೀರ್ಷಿಕೆಯಲ್ಲಿಲ್ಲ.

ಪತ್ತಾರ ಮಾಸ್ತರರ ಹೆಸರಿನಲ್ಲಿ ಪ್ರಸಿದ್ಧವಾದ ಸಣ್ಣಾಟದಲ್ಲಿ ಬಾಳ್ಯಾನ ಹೆಸರು ಸಂಗ್ಯಾನ ಪಕ್ಕಕ್ಕೆ ಬಂದು ನಿಂತಿತು. ದೊಡ್ಡಾಟಕ್ಕೆ ಪುರಾಣದ ಕಥೆ, ಭುಜಕೀರ್ತಿ, ಭಾರೀ ವೇಷ ಬೇಕು. ಸಣ್ಣಾಟಕ್ಕೆ ಅದಾವುದೂ ಬೇಡ. ನಿತ್ಯದ ಉಡುಪಿನ ಪಾತ್ರಗಳು, ಹಿಂದೆ ನಿಂತು ಹಾಡೆತ್ತಿಕೊಳ್ಳುವ ಮೇಳ, ಇಡೀ ರಾತ್ರಿ ಸಾಕು. ಪಕ್ಕದ ಓಣಿಯ ಕಥೆಯನ್ನು ಪಕ್ಕದ ಓಣಿಯ ಮಾತಿನಲ್ಲಿ ಹೇಳುವ ಈ ರೂಪದಲ್ಲಿ ಗೆಳೆತನದ ದ್ರೋಹವೇ ದೊಡ್ಡ ಅಪರಾಧವಾಯಿತು. ಪ್ರೇಕ್ಷಕರ ಕಣ್ಣೀರು ಹರಿದದ್ದು ಮೋಸ ಹೋದ ಗಂಡನಿಗಾಗಿ ಅಲ್ಲ, ಗೆಳೆಯನನ್ನು ನಂಬಿ ಕೆಟ್ಟ ಸಂಗ್ಯಾನಿಗಾಗಿ.

ಈ ಸಣ್ಣಾಟವನ್ನು ಸಂಪಾದಿಸಿ ಓದುಗರ ಕೈಗಿತ್ತವರು ಇದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು. 1992ರಲ್ಲಿ ಸುಂದರಕೃಷ್ಣ ಅರಸ್ ನಿರ್ದೇಶನದಲ್ಲಿ ಸಿನಿಮಾ ಬಂತು. ಸಂಶೋಧಕ ಎಂ.ಎಂ. ಕಲಬುರ್ಗಿ ಅವರು ಬರೆದ ನಾಟಕದ ಹೆಸರೇ 'ಖರೇ ಖರೇ ಸಂಗ್ಯಾ ಬಾಳ್ಯಾ'. ಖರೇ ಯಾವುದು, ಆಟ ಯಾವುದು ಎಂಬ ಪ್ರಶ್ನೆ ಆ ಶೀರ್ಷಿಕೆಯಲ್ಲಿಯೇ ಇದೆ. ಇಷ್ಟೆಲ್ಲ ರೂಪಗಳ ನಡುವೆ ಗಂಗಿಯ ಕಡೆಯಿಂದ ಕಥೆ ಕೇಳುವ ಕುತೂಹಲ ಇಂದಿನ ಓದುಗರಲ್ಲಿ ಮೂಡಿದರೆ ಅದು ಸಹಜ. ಅಪರಾಧ ಸಂಗ್ಯಾನದೋ ಬಾಳ್ಯಾನದೋ ಎಂದು ಇಷ್ಟು ಕಾಲ ವಾದಿಸಿದ ನಾಡು ಆಕೆಯ ಮಾತಿಗೆ ಕೊಟ್ಟ ಜಾಗ ಕಡಿಮೆ.

ಸವದತ್ತಿ: ಭಕ್ತಿಯ ಹಾಡು, ನೋವಿನ ಪುಸ್ತಕ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ಬರುತ್ತಾರೆ. ಜೋಗತಿಯರ ಚೌಡಕಿ ಪದ ಕೇಳಿದವರು ಆ ನಾದವನ್ನು ಮರೆಯುವುದಿಲ್ಲ. ಒಂದೇ ತಂತಿಯ ಚೌಡಕಿಯಲ್ಲಿ ರೇಣುಕೆಯ ಸಂಕಟದ ಕಥೆ ಗಂಟೆಗಟ್ಟಲೆ ಸಾಗುತ್ತದೆ.

ಅದೇ ನಂಬಿಕೆಯ ಇನ್ನೊಂದು ಮುಖವನ್ನು ತೋರಿಸಿದ್ದು 1984ರ ಹಿಂದಿ ಚಿತ್ರ 'ಗಿದ್ಧ್'. ಟಿ.ಎಸ್. ರಂಗ ನಿರ್ದೇಶಿಸಿದ, ಸ್ಮಿತಾ ಪಾಟೀಲ್ ಮತ್ತು ಓಂ ಪುರಿ ನಟಿಸಿದ ಈ ಚಿತ್ರ, ದೇವಿಯ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳು ಶೋಷಣೆಗೆ ಗುರಿಯಾಗುವುದನ್ನು ಕಥಾವಸ್ತುವಾಗಿಸಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ರೂಪಿಸಿದ್ದು 1982ರಲ್ಲಿ. ಚಿತ್ರ ನೋಡಿದವರಿಗೆ ಸಿಟ್ಟು ಬರುತ್ತದೆ, ಪದ ಕೇಳಿದವರಿಗೆ ಭಕ್ತಿ ಬರುತ್ತದೆ. ಎರಡೂ ನಿಜವಾದ ಪ್ರತಿಕ್ರಿಯೆಗಳೇ.

ಇವೆರಡನ್ನೂ ಒಟ್ಟಿಗೆ ಹಿಡಿದ ಕೃತಿ ಮಂಜಮ್ಮ ಜೋಗತಿ ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು'. ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿ ಬಂದ ಈ ಪುಸ್ತಕದ ನಾಯಕಿ ಬಳ್ಳಾರಿ ಸೀಮೆಯವರಾದರೂ ಅವರು ಹಾಡಿ ಕುಣಿದದ್ದು ಯಲ್ಲಮ್ಮನ ಕಥೆಯನ್ನೇ. ಮನೆಯವರಿಂದ ದೂರವಾದ ತೃತೀಯ ಲಿಂಗಿ ವ್ಯಕ್ತಿಗೆ ಜೋಗತಿ ಪರಂಪರೆ ಬದುಕನ್ನೂ ಕೊಟ್ಟಿತು, ಕಲೆಯನ್ನೂ ಕೊಟ್ಟಿತು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದವು. ಸಿಟ್ಟು, ಭಕ್ತಿಗಳೆರಡನ್ನೂ ದಾಟಿದ ಮೂರನೆಯ ಪ್ರತಿಕ್ರಿಯೆಗೆ ಈ ಪುಸ್ತಕ ಓದುಗರನ್ನು ಒಯ್ಯುತ್ತದೆ.

ರಾಮದುರ್ಗ: ಹಾಡು ಬಿಟ್ಟ ಅಣ್ಣತಮ್ಮಂದಿರು

ನರಗುಂದ ಬಂಡಾಯದ ಲಾವಣಿಯೂ ಇದೆ. ನರಗುಂದ ಈಗ ಗದಗ ಜಿಲ್ಲೆಯಲ್ಲಿದೆ. ಆದರೆ ಆ ಬಂಡಾಯದ ಮುಖ್ಯ ಘಟನೆ ನಡೆದದ್ದು ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ. 1858ರ ಮೇ 29ರ ರಾತ್ರಿ ಅಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದ ಬಾಬಾಸಾಹೇಬ ಭಾವೆಯ ಕಡೆಯವರು ಕೊಂದರು. ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಮ್ಯಾನ್ಸನ್ ಸುರೇಬಾನಕ್ಕೆ ಬಂದದ್ದು ರಾಮದುರ್ಗದಿಂದ. ಅಲ್ಲಿನ ದೊರೆ ಬಾಬಾಸಾಹೇಬನ ಮಲಸಹೋದರ. ಒಬ್ಬ ಬಂಡೆದ್ದ, ಇನ್ನೊಬ್ಬ ಆಂಗ್ಲರ ಪಕ್ಷದಲ್ಲಿ ಉಳಿದು ಸಂಸ್ಥಾನವನ್ನು ಕಾಪಾಡಿಕೊಂಡ. ಬಂಡೆದ್ದವನ ಹಾಡನ್ನು ಜನ ಎದೆಯಲ್ಲಿಟ್ಟುಕೊಂಡರು. ಉಳಿದವನ ಇಕ್ಕಟ್ಟು, ಲೆಕ್ಕಾಚಾರ, ಭಯ ಹಾಡಿನ ಆಸಕ್ತಿಯಾಗಲಿಲ್ಲ. ಒಂದೇ ಮನೆತನ ಎರಡು ದಾರಿ ಹಿಡಿದ ಈ ಕಥೆ ಒಳ್ಳೆಯ ಕಾದಂಬರಿಗೋ ಚಿತ್ರಕಥೆಗೋ ಹೇಳಿ ಮಾಡಿಸಿದ ವಸ್ತು.

ಎರಡನೆಯ ರೂಪದ ಅಗತ್ಯ

ಇಷ್ಟು ಹೇಳಿದ ಮಾತ್ರಕ್ಕೆ ಸಿನಿಮಾ ಸುಳ್ಳು, ಲಾವಣಿ ಸತ್ಯ ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಸಿನಿಮಾ ಕಾನೂನನ್ನು ಬಿಟ್ಟಿತು, ಲಾವಣಿ ಅಣ್ಣತಮ್ಮಂದಿರ ಇಕ್ಕಟ್ಟನ್ನು ಬಿಟ್ಟಿತು, ಸಣ್ಣಾಟ ಗಂಗಿಯನ್ನು ಅಂಚಿಗೆ ಸರಿಸಿತು. ಯಾವ ಮಾಧ್ಯಮವೂ ಎಲ್ಲವನ್ನೂ ಹೊರಲಾರದು. ಹೊರಬೇಕೆಂದು ಕೇಳುವುದೂ ಸರಿಯಲ್ಲ.

ಓದುಗರು ಮಾಡಬಹುದಾದದ್ದು ಒಂದಿದೆ. ಮೆಚ್ಚಿದ ಕೃತಿಯ ಇನ್ನೊಂದು ರೂಪವನ್ನು ಹುಡುಕುವುದು. ಚಿತ್ರ ನೋಡಿದವರು ಜೀವನಚರಿತ್ರೆ ಓದಬಹುದು; ಪುಸ್ತಕ ಓದಿದವರು ಬೈಲಹೊಂಗಲದ ಸಮಾಧಿಯನ್ನೋ ನಂದಗಡವನ್ನೋ ನೋಡಿ ಬರಬಹುದು; ಪ್ರತಿವರ್ಷ ಅಕ್ಟೋಬರ್‌ನಲ್ಲಿ ನಡೆಯುವ ಕಿತ್ತೂರು ಉತ್ಸವಕ್ಕೆ ಹೋದವರು ದೊಡ್ಡ ವೇದಿಕೆಯ ಗಾಯನಕ್ಕೆ ಕೊಟ್ಟ ಸಮಯದಲ್ಲಿ ಸ್ವಲ್ಪವನ್ನು ಜಾನಪದ ಮೇಳಗಳಿಗೂ ಕೊಡಬಹುದು. ಪುಸ್ತಕ ಕಪಾಟಿನಲ್ಲಿ ಕಾಯುತ್ತದೆ, ಸಿನಿಮಾ ಮೊಬೈಲಿನಲ್ಲಿ ಸಿಗುತ್ತದೆ. ಹಾಡುವವನ ಕಂಠದಲ್ಲಿರುವ ಲಾವಣಿಗೆ ಮಾತ್ರ ಎದುರಿಗೆ ಕುಳಿತು 'ಚಲೋ ಐತಿ' ಎನ್ನುವವರು ಬೇಕು. ಹಾಗೆನ್ನುವವರು ಇಲ್ಲವಾದ ದಿನ ಆ ರೂಪ ಇಲ್ಲವಾಗುತ್ತದೆ. ಅದರೊಂದಿಗೆ ಅದು ಮಾತ್ರ ನೆನಪಿಟ್ಟುಕೊಂಡಿದ್ದ ಚರಿತ್ರೆಯ ತುಣುಕೂ ಹೋಗುತ್ತದೆ.