ಹಳೆಯ ಬಟ್ಟೆಗೂ ಬೇಕು ಕಾವಲು

ಮಳೆಗಾಲದ ತೇವ ಎಂದರೇನೆಂದು ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾರ್ಚ್‌ಮೆಂಟ್ ಕಾಫಿಯನ್ನು ಕಣದಲ್ಲಿ ಶೇಕಡಾ 10ರ ತೇವಾಂಶಕ್ಕೆ ಒಣಗಿಸಿ, ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಪೇರಿಸುವವರು ನಾವು. ಚಾಲಿ ಅಡಿಕೆಗೆ ಹುಳು ಬಿದ್ದರೆ ಏನಾಗುತ್ತದೆಂಬ ಲೆಕ್ಕ ನಮಗೆ ಬಾಯಿಪಾಠ. ಆದರೆ ಅದೇ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜಿಯ ಧಾರೆ ಸೀರೆ ಯಾವ ಸ್ಥಿತಿಯಲ್ಲಿದೆಯೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ತೋಚದು.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರ ಪಟ್ಟೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಾಗ ಅದು ಮಡಿಕೆ ಮಡಿಕೆಗೆ ಹರಿದು ತುಂಡು ತುಂಡಾಗಿ ಕೈಗೆ ಬಂತು. ಹುಳು ತಿಂದಿರಲಿಲ್ಲ, ಇಲಿ ಕಡಿದಿರಲಿಲ್ಲ. ಮೂವತ್ತು ವರ್ಷ ಒಂದೇ ಮಡಿಕೆಯಲ್ಲಿ ಇಟ್ಟದ್ದೇ ಅದರ ಆಯುಸ್ಸನ್ನು ಮುಗಿಸಿತ್ತು. ತಪ್ಪು ನನ್ನದೇ. ಇಂತಹ ಬಟ್ಟೆಗಳನ್ನು ನೂರಾರು ವರ್ಷ ಕಾಪಾಡಿದವರು ಯಾರಾದರೂ ಇದ್ದಾರೆಯೇ, ಹೇಗೆ ಕಾಪಾಡಿದರು ಎಂದು ಓದಿ ತಿಳಿಯತೊಡಗಿದ್ದು ಆ ಮೇಲೆ. ಓದಿದುದರಲ್ಲಿ ನಮಗೆ ಒದಗುವಂಥದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇನೆ.

ಒಂದು ಉಯಿಲಿನ ಮಾತು

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹಾರ್ಡ್‌ವಿಕ್ ಹಾಲ್ ಎಂಬ ಹಳೆಯ ಭವನವಿದೆ. 1590ರ ದಶಕದಲ್ಲಿ ಇದನ್ನು ಕಟ್ಟಿಸಿದಾಕೆ 'ಬೆಸ್ ಆಫ್ ಹಾರ್ಡ್‌ವಿಕ್' ಎಂದು ಹೆಸರಾದ ಶ್ರೀಮಂತ ಮಹಿಳೆ. ಈಕೆಗೆ ಕಸೂತಿ, ಚಿತ್ರಗಂಬಳಿಗಳೆಂದರೆ ಬಲು ಪ್ರೀತಿ. 1592ರಲ್ಲಿ ಗಿಡಿಯನ್ನನ ಕಥೆಯನ್ನು ನೇಯ್ದ 13 ಚಿತ್ರಗಂಬಳಿಗಳನ್ನು ಒಮ್ಮೆಗೇ ಕೊಂಡಳು. ಮೊದಲ ಮಾಲೀಕನ ಲಾಂಛನದ ಜಾಗದಲ್ಲಿ ತನ್ನ ಲಾಂಛನ ಹಾಕಿಸುವ ಖರ್ಚಿಗೆಂದು ಬೆಲೆಯಲ್ಲಿ 5 ಪೌಂಡು ಇಳಿಸಿಕೊಂಡಳಂತೆ. ಕೊಡುಕೊಳ್ಳುವ ವ್ಯವಹಾರ ಬಲ್ಲವಳು!

1601ರಲ್ಲಿ ಉಯಿಲು ಬರೆಸುವಾಗ ಈಕೆ ಮನೆಯ ಸಾಮಗ್ರಿಗಳ ಪಟ್ಟಿ ಮಾಡಿಸಿ, ಅವುಗಳನ್ನು ತೇವದಿಂದಲೂ ಬಟ್ಟೆಹುಳುವಿನಿಂದಲೂ ಇತರ ಹಾನಿಯಿಂದಲೂ ವಿಶೇಷ ಆಸ್ಥೆಯಿಂದ ಕಾಪಾಡಬೇಕೆಂದು ವಾರಸುದಾರರಿಗೆ ತಾಕೀತು ಮಾಡಿದಳು. ತೇವ ಮತ್ತು ಹುಳು! ನಮ್ಮ ಗೋದಾಮಿನ ಬಾಗಿಲ ಮೇಲೂ ಬರೆಸಿಡಬಹುದಾದ ಮಾತು.

1959ರಿಂದ ಈ ಭವನ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ವಶದಲ್ಲಿದೆ. 1895ರಲ್ಲಿ ಹುಟ್ಟಿದ ಈ ಸಂಸ್ಥೆ ಸರ್ಕಾರದ ಇಲಾಖೆಯಲ್ಲ. ಸದಸ್ಯರ ವಂತಿಗೆ, ದಾನ, ಸ್ವಯಂಸೇವಕರ ದುಡಿಮೆ ಇದರ ಆಧಾರ. ಆ 13 ಗಂಬಳಿಗಳ ದುರಸ್ತಿಗೆ ಸಂಸ್ಥೆ ತೆಗೆದುಕೊಂಡ ಕಾಲ 24 ವರ್ಷ. 1999ರಲ್ಲಿ ಆರಂಭವಾದ ಕೆಲಸ 2023ರಲ್ಲಿ ಮುಗಿಯಿತು. ಕಾಫಿ ಗಿಡ ನೆಟ್ಟು ಫಸಲಿಗೆ ಕಾಯುವ ನಮಗೂ ಇದು ದೀರ್ಘ ತಾಳ್ಮೆಯೇ ಸರಿ.

ಸ್ವಯಂಸೇವಕರು ಮಾಡುವುದೇನು?

ದುರಸ್ತಿಯ ಹೊಲಿಗೆ ಪರಿಣತರ ಕೆಲಸ. ಆದರೆ ದುರಸ್ತಿಯೇ ಬೇಕಾಗದಂತೆ ನೋಡಿಕೊಳ್ಳುವ ಬಹುಪಾಲು ಕೆಲಸ ಸಾಮಾನ್ಯರದು. ಇಂತಹ ಮನೆಗಳಲ್ಲಿ ನಿವೃತ್ತರು, ಗೃಹಿಣಿಯರು ವಾರಕ್ಕೆ ಒಂದು ದಿನ ಬಂದು ದುಡಿಯುತ್ತಾರೆ. ಒಗೆದ ಹತ್ತಿ ಬಟ್ಟೆಯಿಂದ ಹೊದಿಕೆಗಳನ್ನು ಹೊಲಿಯುತ್ತಾರೆ. ಆಮ್ಲವಿಲ್ಲದ ತೆಳು ಕಾಗದವನ್ನು ಉಂಡೆ ಮಾಡಿ ತೋಳಿನೊಳಗೆ, ಮಡಿಕೆಯೊಳಗೆ ಇಡುತ್ತಾರೆ. ಅಗಲವಾದ ಬಟ್ಟೆಯನ್ನು ಮಡಿಸದೆ ದಪ್ಪ ಕೊಳವೆಗೆ ಸುತ್ತುತ್ತಾರೆ. ಪ್ರತಿ ವಸ್ತುವಿಗೂ ಚೀಟಿ ಬರೆದು, ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂದು ಪುಸ್ತಕದಲ್ಲಿ ದಾಖಲಿಸುತ್ತಾರೆ.

ಬೆಳಕಿನ ಲೆಕ್ಕವೂ ಉಂಟು. ಬೆಳಕು ರೇಷ್ಮೆಗೆ ಮಾಡುವ ಹಾನಿ ದಿನದಿನವೂ ಕೂಡುತ್ತ ಹೋಗುತ್ತದೆ. ಕತ್ತಲಲ್ಲಿಟ್ಟರೂ ಹಿಂದಿನದು ಮರಳುವುದಿಲ್ಲ. ಆದುದರಿಂದ ಪರದೆ ಇಳಿಸಿ ಬೆಳಕನ್ನು 50 ಲಕ್ಸ್ ಸುಮಾರಿಗೆ ಇಳಿಸುತ್ತಾರೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಬರುವ ಭಯ. ಅದಕ್ಕಾಗಿ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು ಜನರ ಸುಖಕ್ಕಲ್ಲ. ತೇವಾಂಶ ಏರಿದಾಗ ತಾನಾಗಿ ಹೊತ್ತಿಕೊಳ್ಳುವ ಒಲೆಯ ವ್ಯವಸ್ಥೆ ಇರುತ್ತದೆ.

ಇನ್ನು ಹುಳು. ನಮ್ಮ ಬಿಳಿ ಕಾಂಡಕೊರಕದಂತೆಯೇ ಬಟ್ಟೆಹುಳುವಿನಲ್ಲಿಯೂ ಹಾರುವ ಚಿಟ್ಟೆ ತಿನ್ನುವುದಿಲ್ಲ, ತಿನ್ನುವುದು ಮರಿಹುಳು. ಉಣ್ಣೆ, ರೇಷ್ಮೆ, ತುಪ್ಪಳ ಅದರ ಆಹಾರ. ಬೆವರಿನ ಅಥವಾ ಊಟದ ಕಲೆಯಿದ್ದರೆ ಹತ್ತಿಯನ್ನೂ ಬಿಡದು. ಅಂಟುಬಲೆಗಳನ್ನಿಟ್ಟು ಎಷ್ಟು ಬಿದ್ದವೆಂದು ಎಣಿಸುವುದು ಸ್ವಯಂಸೇವಕರ ಕರ್ತವ್ಯ. ಹುಳು ಕಂಡರೆ ವಿಷ ಸಿಂಪಡಿಸುವುದಿಲ್ಲ. ವಸ್ತುವನ್ನು ಪಾಲಿಥೀನಿನಲ್ಲಿ ಬಿಗಿಯಾಗಿ ಕಟ್ಟಿ, ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಮೂರು ದಿನ ಇಟ್ಟು ಹುಳುವನ್ನೂ ಮೊಟ್ಟೆಯನ್ನೂ ಕೊಲ್ಲುತ್ತಾರೆ.

ಅಂಟುವಾಳದ ಬಂಧು

ಸಸೆಕ್ಸಿನ ಅಪ್‌ಪಾರ್ಕ್ ಎಂಬ ಇನ್ನೊಂದು ಮನೆಯಲ್ಲಿ, 1930ರ ದಶಕದಲ್ಲಿ ಮನೆಯೊಡತಿ ಲೇಡಿ ಮೀಡ್-ಫೆದರ್‌ಸ್ಟನ್‌ಹಾ ಶಿಥಿಲವಾದ ರೇಷ್ಮೆ ಪರದೆಗಳನ್ನು ಸೋಪ್‌ವರ್ಟ್ ಎಂಬ ಗಿಡದ ಕಷಾಯದಲ್ಲಿ ತೊಳೆದು, ಕೈಯಾರೆ ಹೊಲಿದು ಉಳಿಸಿದರು. ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಈ ಗಿಡದಲ್ಲಿಯೂ ಇದೆ. 1989ರ ಆಗಸ್ಟ್ 30ರಂದು ಆ ಮನೆಗೆ ಬೆಂಕಿ ಬಿದ್ದಾಗ ಸಿಬ್ಬಂದಿ, ಸ್ವಯಂಸೇವಕರು, ಅಗ್ನಿಶಾಮಕರು ಕೈಯಿಂದ ಕೈಗೆ ದಾಟಿಸಿ ಸಾಮಗ್ರಿಗಳ ಬಹುಭಾಗವನ್ನು ಹೊರತಂದರು. ಮನೆ ಮತ್ತೆ ತೆರೆದದ್ದು 1995ರಲ್ಲಿ.

ಶ್ರೀರಂಗಪಟ್ಟಣದ ಡೇರೆ

ನಮ್ಮ ನಾಡಿನದೇ ಒಂದು ಬಟ್ಟೆ ವೇಲ್ಸ್ ದೇಶದ ಪೋವಿಸ್ ಕೋಟೆಯಲ್ಲಿದೆ. ಅದು ಟಿಪ್ಪು ಸುಲ್ತಾನನ ಡೇರೆ. ಹೂದಾನಿ, ಹೂಬಳ್ಳಿಗಳ ಬಣ್ಣದ ಚೀಟಿಬಟ್ಟೆಯ ಈ ಡೇರೆ ಟಿಪ್ಪು ಹುಟ್ಟುವ ಮೊದಲೇ, ಅಂದರೆ 1725-50ರ ಸುಮಾರಿಗೆ ಆದದ್ದೆಂದು ಪರಿಣತರ ಅಂದಾಜು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಗಿನ ಮದ್ರಾಸ್ ಗವರ್ನರ್ ಎಡ್ವರ್ಡ್ ಕ್ಲೈವನ ಮೂಲಕ ಅಲ್ಲಿಗೆ ಸೇರಿತು. ಒಂದು ಕಾಲದಲ್ಲಿ ತೋಟದ ಔತಣಗಳಿಗೆ ಅದನ್ನೇ ಚಪ್ಪರವಾಗಿ ಹಾಕುತ್ತಿದ್ದರು. 1952ರಲ್ಲಿ ಕೋಟೆ ನ್ಯಾಷನಲ್ ಟ್ರಸ್ಟಿಗೆ ಬಂತು. 2015ರಲ್ಲಿ ಡೇರೆಯನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಿದರು. ಯುದ್ಧದಲ್ಲಿ ಹೋದ ವಸ್ತು ನ್ಯಾಯವಾಗಿ ಯಾರದೆಂಬ ಪ್ರಶ್ನೆ ಇದ್ದೇ ಇದೆ. ಹಾಗೆಂದು, ನಮ್ಮ ಕೈಯಲ್ಲೇ ಉಳಿದಿರುವುದನ್ನು ನಾವು ಹೇಗೆ ನೋಡಿಕೊಂಡಿದ್ದೇವೆಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

ನಾವು ಮಾಡಬಹುದಾದದ್ದು

ಇದಕ್ಕೆ ಹಣ ಬೇಕಾಗಿಲ್ಲ. ಕುಯ್ಲು ಮುಗಿದು ಗಾಳಿ ಒಣಗಿರುವಾಗ ಟ್ರಂಕುಗಳನ್ನು ತೆರೆಯಿರಿ. ಬಟ್ಟೆಯನ್ನು ಬಿಸಿಲಿಗಲ್ಲ, ನೆರಳಿನಲ್ಲಿ ಹರಡಿ ಗಾಳಿಯಾಡಿಸಿ. ಹಳೆಯ ಮಡಿಕೆಯನ್ನು ಬಿಟ್ಟು ಬೇರೆ ಕಡೆ ಮಡಿಸಿ. ಸಾಧ್ಯವಾದರೆ ಒಗೆದ ಹತ್ತಿ ಬಟ್ಟೆ ಹೊದಿಸಿದ ಕೊಳವೆಗೆ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿಡಬೇಡಿ, ತೇವ ಒಳಗೇ ನಿಲ್ಲುತ್ತದೆ. ನ್ಯಾಫ್ತಲಿನ್ ಗುಳಿಗೆ ಜರಿಗೆ ತಾಗಬಾರದು. ಗುಂಡುಸೂಜಿ ಚುಚ್ಚಬೇಡಿ, ತುಕ್ಕಿನ ಕಲೆ ಹೋಗದು. ಜೀರ್ಣವಾದುದನ್ನು ಅಂಟುವಾಳದಲ್ಲಾದರೂ ಸರಿ, ಮನೆಯಲ್ಲಿ ತೊಳೆಯುವ ಸಾಹಸ ಬೇಡ. ಮುಖ್ಯವಾಗಿ ಒಂದು ಚೀಟಿ ಬರೆದಿಡಿ: ಇದು ಯಾರ ಸೀರೆ, ಯಾವ ವರ್ಷದ್ದು, ಯಾರ ಮದುವೆಯದು. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಒಬ್ಬರಿಗೆ ಬೇಸರವೆನಿಸಿದರೆ ನಮ್ಮ ಮುಯ್ಯಾಳು ಪದ್ಧತಿ ಇದೆಯಲ್ಲ! ಇಂದು ನಮ್ಮ ಮನೆಯ ಪೆಟ್ಟಿಗೆ, ಬರುವ ವಾರ ನಿಮ್ಮ ಮನೆಯದು. ನಾಲ್ಕು ಮನೆಯವರು ಕೂಡಿದರೆ ನಾಲ್ಕು ಮಧ್ಯಾಹ್ನಗಳ ಕೆಲಸ, ಜೊತೆಗೆ ನಾಲ್ಕು ಮನೆತನಗಳ ಕಥೆ. ನಮ್ಮ ತಾಯಿಯವರ ಸೀರೆಯ ಸೆರಗಿನ ಒಂದು ತುಂಡು ಮಾತ್ರ ಈಗ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಚೀಟಿ ಸಹಿತ. ಸದಸ್ಯರ ಮನೆಗಳಲ್ಲಿ ಇಡೀ ಸೀರೆಗಳೇ ಉಳಿಯಲಿ.